ಕ್ರೈಸ್ಟ್‌ಚರ್ಚಿನಲ್ಲಿ ದೇಸಾಯರ ದಾಳ

ವಿಮಾನ ನಿಲ್ದಾಣ

ನ್ಯೂಜಿಲೆಂಡಿನ ನೆಲಕ್ಕೆ ಕಾಲಿಟ್ಟ ಅರ್ಧ ಗಂಟೆಯೊಳಗೆ, ಯಾರೂ ಕೇಳದಿದ್ದ ತುಪ್ಪದ ವಿಷಯವನ್ನು ನಾನೇ ಬಾಯಿಬಿಟ್ಟು ಹೇಳಿಬಿಟ್ಟೆ.

ಆದದ್ದು ಇಷ್ಟು. ಸಾಮಾನು ತಪಾಸಣೆಯ ಮೇಜಿನ ಹಿಂದೆ ಕೆನ್ನೆಯ ತುಂಬ ಕಂದು ಚುಕ್ಕೆಗಳಿದ್ದ ಹುಡುಗಿಯೊಬ್ಬಳು ನಿಂತಿದ್ದಳು. ಪರದೆಯ ಮೇಲೆ ನನ್ನ ಪೆಟ್ಟಿಗೆಯ ಒಳಹೊಟ್ಟೆಯನ್ನೆಲ್ಲ ನೋಡಿ, ನಗುನಗುತ್ತ ಏನೋ ಕೇಳಿದಳು. ನನ್ನ ಕಿವಿಗೆ ಬಿದ್ದದ್ದು “ಚೀಸ್” ಎಂಬ ಒಂದೇ ಶಬ್ದ. ಹಾಲಿನ ಪದಾರ್ಥ ತರಬೇಡ ಎಂದು ಅಕ್ಕನ ಮಗಳು ವೀಣಾ ಫೋನಿನಲ್ಲಿ ಹತ್ತು ಸಲ ಹೇಳಿದ್ದಳು. “ನೋ ಚೀಸ್, ಓನ್ಲಿ ಘೀ” ಎಂದೆ. ಆಮೇಲೆ ತಿಳಿಯಿತು, ಅವಳು ಕೇಳಿದ್ದು ಚೆಸ್ ಸೆಟ್ಟೇನು ಎಂದು. ಇಲ್ಲಿಯ ಜನರ ಬಾಯಲ್ಲಿ ಚೆಸ್ ಎಂಬುದು ಚಿಸ್ ಆಗುತ್ತದೆ, ಪೆನ್ನು ಪಿನ್ನಾಗುತ್ತದೆ, ಹತ್ತು ಎನ್ನಲು ಅವರು ಟೆನ್ ಎಂದರೆ ನಮಗೆ ಟಿನ್, ತಗಡಿನ ಡಬ್ಬಿ, ಕೇಳಿಸುತ್ತದೆ. ಮನೆಯ ಬೆಣ್ಣೆ ಕಾಸಿ, ವೀಳ್ಯದೆಲೆ ಹಾಕಿ ಇಳಿಸಿದ್ದ ತುಪ್ಪ ಹಾಗೆ ಹೋಯಿತು. ನಾನಾಗಿಯೇ ಹೇಳಿದೆನೆಂದು ದಂಡ ಹಾಕಲಿಲ್ಲ, ಅಷ್ಟೇ ಪುಣ್ಯ.

ಅಲ್ಲಿಗೇ ಸುಮ್ಮನಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಹುಡುಗಿ ಪೆಟ್ಟಿಗೆಯ ತಳದಿಂದ ರೇಷ್ಮೆಯ ಚೀಲ ತೆಗೆದಳು. ಅದರಲ್ಲಿ ನಮ್ಮ ಮನೆತನದ ಪಗಡೆ ಇತ್ತು: ಶಿಲುಬೆಯ ಆಕಾರದ ಬಟ್ಟೆಯ ಹಾಸು, ನಾಲ್ಕು ಬಣ್ಣದ ಹದಿನಾರು ಮರದ ಕಾಯಿ, ಮತ್ತು ಬೆರಳುದ್ದದ, ನಾಲ್ಕು ಮುಖದ ಎರಡು ದಾಳ. ಹಾಸನ್ನೂ ಕಾಯಿಗಳನ್ನೂ ಅವಳು ಬದಿಗಿಟ್ಟಳು. ದಾಳಗಳನ್ನು ಬೆಳಕಿಗೆ ಹಿಡಿದು, “ಬೋನ್?” ಎಂದಳು.

ಎಲುಬೇ! ದೀಪಾವಳಿಯ ಪಾಡ್ಯದ ದಿನ ನಮ್ಮ ಮನೆಯ ದೇವರ ಮುಂದಿಟ್ಟು ಅರಿಷಿಣ ಕುಂಕುಮ ಏರಿಸಿ, ಆಮೇಲೆ ಆಟಕ್ಕೆ ತೆಗೆಯುವ ದಾಳ ಅವು. ಈರುಳ್ಳಿಯೂ ಹೊಗದ ಅಡಿಗೆ ಮನೆಯ ಪಕ್ಕದ ದೇವರ ಮನೆಯಲ್ಲಿ ಎಲುಬಿಗೇನು ಕೆಲಸ? ನಮ್ಮ ಮುತ್ತಜ್ಜ ಊರಿನ ಒಡೆಯರಾದ ದೇಸಾಯರನ್ನು ಅವರ ದೊಡ್ಡ ಮನೆಯಾದ ವಾಡೇದ ಜಗಲಿಯ ಮೇಲೆ ಪಗಡೆಯಲ್ಲಿ ಸೋಲಿಸಿದಾಗ, ದೇಸಾಯರು ಕೈಯಲ್ಲಿದ್ದ ದಾಳವನ್ನೇ ಬಹುಮಾನ ಕೊಟ್ಟರು. ಅವು ಆನೆಯ ದಂತದವು. ಊರಿನಲ್ಲಿ ನಮ್ಮನ್ನು ದಂತದ ದಾಳದ ಮನೆಯವರೆಂದೇ ಕರೆಯುತ್ತಿದ್ದರು. ಇದನ್ನೆಲ್ಲ ನಮ್ಮ ಅಜ್ಜಿ, ಅಂದರೆ ಆಯಿ, ಮಜ್ಜಿಗೆ ಕಡೆಯುತ್ತ ಹೇಳುತ್ತಿದ್ದಳು. ನನಗೆ ಬರುವ ಕನ್ನಡವೆಲ್ಲ ಅವಳ ಬಾಯಿಂದ ಉದುರಿದ್ದು. ಆದರೆ ಇಷ್ಟನ್ನು ಇಂಗ್ಲಿಷಿನಲ್ಲಿ ಹೇಳುವುದು ನನ್ನಿಂದಾಗುವ ಮಾತೇ? “ನೋ ಬೋನ್! ಐವರಿ! ಎಲಿಫೆಂಟ್!” ಎಂದು ತೋಳನ್ನು ಸೊಂಡಿಲಿನಂತೆ ಎತ್ತಿ ತೋರಿಸಿದೆ.

ಹುಡುಗಿಯ ನಗು ಆರಿತು. ಒಳಗಿನಿಂದ ಇನ್ನೊಬ್ಬರನ್ನು ಕರೆತಂದಳು. ಇಬ್ಬರೂ ಮೆಲ್ಲಗೆ, ಮರ್ಯಾದೆಯಿಂದಲೇ ತಿಳಿಸಿ ಹೇಳಿದರು. ಕಾಗದಪತ್ರವಿಲ್ಲದೆ ಆನೆಯ ದಂತ ಈ ದೇಶದೊಳಗೆ ಬರುವಂತಿಲ್ಲ. ಬಲ್ಲವರೊಬ್ಬರು ಪರೀಕ್ಷಿಸುತ್ತಾರೆ. ದಂತವೇ ಆದರೆ ಮರಳಿ ಸಿಗುವುದಿಲ್ಲ. ದಂತ ಅಲ್ಲವೆಂದಾದರೆ ಫೋನ್ ಮಾಡಿ ಕರೆಯುತ್ತೇವೆ.

ಹಾಸು ಮತ್ತು ಕಾಯಿ ಹಿಡಿದುಕೊಂಡು ಹೊರಗೆ ಬಂದೆ. ಪಾಡ್ಯಕ್ಕೆ ಹನ್ನೆರಡು ದಿನ ಉಳಿದಿದ್ದವು.

ರಿಕ್ಕರ್ಟನ್

ಕಮಲಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಮಗಳು ವೀಣಾ ಇಲ್ಲಿಯ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಅಕ್ಕ ಊರಿನ ರಿಕ್ಕರ್ಟನ್ ಬಡಾವಣೆಯಲ್ಲಿ ಅವಳ ಜೊತೆ ಇದ್ದು ಆರು ವರ್ಷವಾಯಿತು. ಹಿಂದಿನ ವರ್ಷ ಹೃದಯದ ಚಿಕಿತ್ಸೆಯಾದ ಮೇಲೆ, ಇನ್ನು ಇಷ್ಟು ದೂರದ ವಿಮಾನ ಹತ್ತಬೇಡಿ ಎಂದು ಡಾಕ್ಟರು ಖಂಡಿತವಾಗಿ ಹೇಳಿದ್ದರು. ಆಗಲೇ ಅವಳು ಫೋನಿನಲ್ಲಿ, “ನಾ ಬರೂದಂತೂ ಆಗೂದಿಲ್ಲ. ಪಗಡಿ ತಗೊಂಡ ಬಾ. ಒಂದ ಪಾಡ್ಯಾಕರೆ ಆಡೋಣು” ಎಂದಿದ್ದಳು. ಅಕ್ಕ ಬೇರೇನನ್ನೂ ಬೇಡಿದವಳಲ್ಲ.

ಬಾಗಿಲಲ್ಲೇ ಕೇಳಿದಳು, “ದಾಳ ಎಲ್ಲಿ ಅವ?”

ಹೇಳಿದೆ. ಕಾರಿನ ಕೀಲಿ ಗೂಟಕ್ಕೆ ಹಾಕುತ್ತಿದ್ದ ವೀಣಾ ಹಣೆ ಹಣೆ ಬಡಿದುಕೊಂಡಳು. “ಮೌಶಿ, ಆ ಹುಡುಗಿ ಎಲುಬೇನು ಅಂತ ತಾನ ಬಾಯಿಗೆ ಕೊಟ್ಟಿದ್ಲು. ಹೂಂ ಅಂದಿದ್ರ ಮುಗೀತಿತ್ತಲ್ಲ!”

“ಹೂಂ ಅಂತ ಹೆಂಗ ಅಂದಾಳು?” ಅಕ್ಕ ಮಗಳ ಮೇಲೆ ಏರಿದಳು. “ದೇವರ ಮನ್ಯಾಗಿನ ಸಾಮಾನಿಗೆ ಎಲುಬು ಅಂತ ಹೇಳೂದ? ಛಲೋ ಮಾಡಿದಿ ಶಾಂತಾ. ಹೋದ್ರ ಹೋಗ್ಲಿ, ಹೆಸರರೆ ಉಳೀತು.” ಹೀಗಂದವಳೇ ಒಳಗೆ ಹೋಗಿ ಬಹಳ ಹೊತ್ತು ಮೂಗು ಒರೆಸಿಕೊಂಡಳು.

ಮರುದಿನ ವಾಯವ್ಯದ ಗಾಳಿ ಎದ್ದಿತ್ತು. ಬೆಟ್ಟ ದಾಟಿ ಬರುವ ಈ ಬಿಸಿಗಾಳಿ ಬೀಸಿದ ದಿನ ಊರಿನವರೆಲ್ಲ ತಲೆಶೂಲೆ ಎನ್ನುತ್ತಾರೆ, ಯಾರಿಗೆ ಸಿಟ್ಟು ಬಂದರೂ ಗಾಳಿಯ ತಲೆಗೇ ಕಟ್ಟುತ್ತಾರೆ. ಅಕ್ಕ ನಾನು ನಡೆದುಕೊಂಡು ಶಾಪಿಂಗ್ ಮಾಲ್‌ಗೆ ಹೋದೆವು. ಅಲ್ಲಿ ನೋಡುತ್ತೇನೆ, ದೊಡ್ಡ ದೊಡ್ಡ ಗಂಡಸರು, ತಾಯಂದಿರು, ಬರಿಗಾಲಲ್ಲಿ ತರಕಾರಿ ಕೊಳ್ಳುತ್ತಿದ್ದಾರೆ! ನಾವು ದೇವರ ಎದುರು ಕಳಚುವ ಚಪ್ಪಲಿಯನ್ನು ಇವರು ಟೊಮೆಟೊ ಎದುರು ಕಳಚಿ ಬಂದಿದ್ದರು. ಬಡವರೇನು ಎಂದು ಕೇಳಿದೆ. “ಹುಚ್ಚಿ, ಅಂವಾ ಹೊರಗ ನಿಲ್ಲಿಸಿದ ಗಾಡಿ ನೋಡು” ಎಂದಳು ಅಕ್ಕ. ಇಲ್ಲಿ ಯಾರು ದೊಡ್ಡವರು, ಯಾರು ಸಣ್ಣವರು ಎಂದು ಕಾಲು ನೋಡಿ ಹೇಳುವಂತಿಲ್ಲ, ಬಟ್ಟೆ ನೋಡಿಯೂ ಹೇಳುವಂತಿಲ್ಲ. ಆ ಲೆಕ್ಕ ಹಾಕದೆ ಊಟ ಸೇರದ ಊರಿನಿಂದ ಬಂದ ನನಗೆ ಕಣ್ಣು ಕಟ್ಟಿದಂತಾಯಿತು.

ಹಣ್ಣಿನ ಸಾಲಿನಲ್ಲಿ ಪದ್ಮಾ ಆಂಟಿ ಸಿಕ್ಕರು. ಮೈಸೂರಿನವರು, ಅಕ್ಕನ ವಯಸ್ಸಿನವರು. ಚಿಕ್ಕವರು ದೊಡ್ಡವರು ಎನ್ನದೆ ಎಲ್ಲರೂ ಅವರನ್ನು ಆಂಟಿ ಎಂದೇ ಕರೆಯುವುದು. ಅವರ ತಾತನ ಮನೆಯಲ್ಲಿ ದಂತದ ಕೆತ್ತನೆ ಕೂಡಿಸಿದ ಬೀಟೆ ಮರದ ಪೆಟ್ಟಿಗೆ ಇದೆಯಂತೆ. ಆ ಪೆಟ್ಟಿಗೆಯ ಮಾತು ಬಂದಾಗಲೆಲ್ಲ ಅಕ್ಕ ದೇಸಾಯರ ದಾಳ ಬಿಡುತ್ತಿದ್ದಳೆಂದು ವೀಣಾ ಮೊದಲೇ ಹೇಳಿದ್ದಳು.

“ಏನ್ ಕಮಲಾ ಅವ್ರೇ, ಬಂತಾ ನಿಮ್ಮ ದಂತದ ದಾಳ? ಪಾಡ್ಯದ ದಿನ ನಮ್ಗೂ ಮುಟ್ಟೋಕೆ ಬಿಡ್ತೀರೋ, ಬರೀ ದೂರದಿಂದ್ಲೇ ದರ್ಶನಾನೋ?”

“ಬರ್ತಾವ್ರೀ. ಇಲ್ಲಿ ಸರಕಾರದವರು ನೋಡ್ಲಿಕ್ಕೆ ಇಟ್ಕೊಂಡಾರ. ಅಂಥಾ ದಂತ ಅವರೂ ನೋಡಿಲ್ಲಂತ” ಎಂದಳು ಅಕ್ಕ, ಕಣ್ಣು ಮಿಟುಕಿಸದೆ.

ಮನೆಗೆ ಬಂದು ದೇವರಿಗೆ ದೀಪ ಹಚ್ಚಿ ಕೈಮುಗಿದವಳು ಹಾಗೇ ನಿಂತುಬಿಟ್ಟಳು. ಏನಾಯಿತೆಂದು ಕೇಳಿದೆ.

“ಏನಂತ ಬೇಡ್ಕೊಳ್ಳಲಿ, ನೀನ ಹೇಳು. ದಂತ ಆಗಲಿ ಅಂದ್ರ ದಾಳ ಹೋತು. ದಂತ ಆಗದಿರಲಿ ಅಂದ್ರ ಮನಿತನ ಹೋತು.”

ಕೊನೆಗೆ ದೇವರಿಗೆ ಏನೂ ಹೇಳದೆ ಮಂಗಳಾರತಿ ಮಾಡಿದಳು.

ವಸ್ತು ಸಂಗ್ರಹಾಲಯ

ಎಂಟನೆಯ ದಿನ ಫೋನ್ ಬಂತು, ಬಂದು ಕಾಣಿರಿ ಎಂದು. ಏನು ಎತ್ತ ಹೇಳಲಿಲ್ಲ. ಕರೆದದ್ದು ಊರ ನಡುವಿನ ಒಂದು ವಸ್ತು ಸಂಗ್ರಹಾಲಯಕ್ಕೆ. ಅಕ್ಕ ಬರಲೊಪ್ಪಲಿಲ್ಲ. ವೀಣಾ ನನ್ನನ್ನು ಬಾಗಿಲಿಗೆ ಇಳಿಸಿ ಕೆಲಸಕ್ಕೆ ಹೋದಳು.

ಅಲ್ಲಿ ನನಗಾಗಿ ಕಾದಿದ್ದವರು ಗ್ರೇಮ್ ಎಂಬ ಹಿರಿಯರು. ಎಲುಬು, ಕೊಂಬು, ದಂತ ನೋಡಿ ಹೇಳುವುದರಲ್ಲಿ ಪಳಗಿದ ಕೈಯಂತೆ. ಇಷ್ಟು ದೊಡ್ಡ ಪಂಡಿತರು ಶಾಲೆಯ ಹುಡುಗನಂತೆ ಅರ್ಧ ಚಡ್ಡಿ ಹಾಕಿ, ಮೊಣಕಾಲಿನವರೆಗೆ ಕಾಲುಚೀಲ ಎಳೆದಿದ್ದರು. ನನ್ನ ಹೆಸರು ಕೇಳಿ, ತಮ್ಮನ್ನೂ ಹೆಸರು ಹಿಡಿದೇ ಕರೆಯಬೇಕೆಂದರು. ನನ್ನ ನಾಲಿಗೆ ತಿರುಗಲಿಲ್ಲ. ಗ್ರೇಮ್ ಸರ್ ಎಂದೆ. ಅವರು ನಕ್ಕು, ಫಲಿತಾಂಶಕ್ಕೆ ಮೊದಲು ಒಂದು ಪ್ರದರ್ಶನ ತೋರಿಸುತ್ತೇನೆ, ಬನ್ನಿ ಎಂದರು. ಯುರೋಪಿನಿಂದ ಎರವಲು ತಂದಿದ್ದ ಪ್ರದರ್ಶನ ಅದು: ಆರೇಳುನೂರು ವರ್ಷಗಳ ಹಿಂದಿನ ಸರದಾರರು ಹೊತ್ತು ಕಳೆಯಲು ಇಟ್ಟುಕೊಂಡಿದ್ದ ವಸ್ತುಗಳು.

ಕತ್ತಲಿನ ಕೋಣೆ. ಗಾಜಿನ ಪೆಟ್ಟಿಗೆಗಳಲ್ಲಿ ಮಾತ್ರ ಬೆಳಕು. ಮೊದಲನೆಯದರಲ್ಲಿ ಅಂಗೈಯಗಲದ ದಂತದ ಬಿಲ್ಲೆ, ಹೆಂಗಸರ ಕನ್ನಡಿಯ ಮುಚ್ಚಳ. ಅದರ ಮೇಲೆ ಡೇರೆಯೊಳಗೆ ಕುಳಿತ ಗಂಡು ಹೆಣ್ಣು ಚದುರಂಗ ಆಡುತ್ತಿದ್ದಾರೆ. ಉಗುರಿನಷ್ಟಿರುವ ಮುಖದಲ್ಲಿ ಗೆದ್ದವಳ ಜಂಬ ಕೂಡ ಕಾಣುತ್ತಿತ್ತು. ಇನ್ನೊಂದರಲ್ಲಿ ಬಾಚಣಿಗೆ, ಹಲ್ಲಿನ ಮೇಲೆಲ್ಲ ಹೂಬಳ್ಳಿ. ಅದು ಯಾವ ತಲೆಯನ್ನೂ ಬಾಚಿದ್ದಲ್ಲ ಎಂದರು ಗ್ರೇಮ್. ಮುಂದೆ ಚಿನ್ನದ ಎಳೆಯ ರೇಷ್ಮೆ ಕೈಗವಸು, ಬೇಟೆಯ ಡೇಗೆ ಹಕ್ಕಿಯ ಕಾಲಿಗೆ ಕಟ್ಟುವ ಪುಟ್ಟ ಗೆಜ್ಜೆ, ಕಡಲಸಿಂಹದಂಥ ಯಾವುದೋ ಪ್ರಾಣಿಯ ಕೋರೆಹಲ್ಲಿನಲ್ಲಿ ಕಡೆದ ಚದುರಂಗದ ರಾಜ.

ಆನೆಯನ್ನು ಕಂಡೇ ಇರದ ಜನ ಆನೆಯ ದಂತಕ್ಕೆ ಹೇಗೆ ಹಾತೊರೆಯುತ್ತಿದ್ದರೆಂದು ಗ್ರೇಮ್ ಹೇಳುತ್ತ ಹೋದರು. ಅದು ಆಫ್ರಿಕದಿಂದ ಮರಳುಗಾಡು ಸಮುದ್ರ ದಾಟಿ ಬರಬೇಕು. ಕೈಯಲ್ಲಿ ದಂತವಿದ್ದರೆ, ನನ್ನ ತೋಳು ಅಲ್ಲಿಯವರೆಗೂ ಚಾಚುತ್ತದೆ ಎಂದು ಸಾರಿದಂತೆ. ಆಟದ ಸಾಮಾನಾದರೆ ಇನ್ನೂ ಮೇಲು, ನನಗೆ ದುಡಿಯುವ ಹಂಗಿಲ್ಲ, ಹಗಲಿಡೀ ಆಡುತ್ತ ಕೂರಬಲ್ಲೆ ಎಂದೂ ಸಾರಿದಂತೆ.

ನನಗೆ ಇದೆಲ್ಲ ಹೊಸದೇ ಅಲ್ಲ. ಮುಂಗೈ ಮೇಲೆ ಡೇಗೆ ಕೂರಿಸಿಕೊಂಡು ಬೀದಿಯಲ್ಲಿ ಹಾಯುತ್ತಿದ್ದ ದೇಸಾಯರ ಕಾಕಾನನ್ನು ಆಯಿ ಅಭಿನಯಿಸಿ ತೋರಿಸುತ್ತಿದ್ದಳು. ವಾಡೇದಲ್ಲಿ ಅತ್ತರದಾನಿ ಇತ್ತು, ಬೆಳ್ಳಿಯ ಅಡಿಕೆ ತಬಕ ಇತ್ತು, ಮಾತಾಡುವ ಗಿಳಿಯಿತ್ತು. ನಾನು ಕೈಕಾಲು ಆಡಿಸುತ್ತ ಹೇಳಿದ ಹರಕು ಇಂಗ್ಲಿಷನ್ನು ಅವರು ಕೈಕಟ್ಟಿ ಪೂರ್ತಿ ಕೇಳಿದರು. ಆಮೇಲೆ ಪಕ್ಕದ ಕೋಣೆಗೆ ಕರೆದೊಯ್ದರು. ಅದು ಈ ನೆಲದ ಮಾವೋರಿಗಳದು. ಹಕ್ಕಿಯ ಗರಿಗಳನ್ನೇ ನೆಯ್ದ ಮೇಲುವಸ್ತ್ರ, ಹಸಿರು ಕಲ್ಲಿನ ಆಯುಧ, ಕೊರಳಿಗೆ ಕಟ್ಟುವ ತಿಮಿಂಗಿಲದ ಹಲ್ಲು. ಇವೂ ಕಂಡಕಂಡವರು ತೊಡುವಂಥವಲ್ಲ, ಹಿರಿಯ ಮನೆತನದವರಿಗೆ ಸಲ್ಲುವಂಥವು ಎಂದರು. ಅಲ್ಲಿ ಅವರ ದನಿ ತಾನಾಗಿ ತಗ್ಗಿತು.

ಕೊನೆಗೆ ಅವರ ಕೋಣೆ. ಮೇಜಿನ ಮೇಲೆ ಮೆತ್ತನೆಯ ಬಟ್ಟೆ, ಅದರ ಮೇಲೆ ನಮ್ಮ ದಾಳ. ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟು, ದಾಳದ ತುದಿಯನ್ನು ನೋಡಿ ಎಂದರು. ದಂತವಾಗಿದ್ದರೆ ಜರಡಿಯ ಹೆಣಿಗೆಯಂತೆ ಒಂದರ ಮೇಲೊಂದು ಹಾಯುವ ಗೆರೆ ಕಾಣಬೇಕಂತೆ. ಕಾಣಲಿಲ್ಲ. ಸೂಜಿಯಿಂದ ಚುಚ್ಚಿದಂಥ ಕಪ್ಪು ಚುಕ್ಕೆಗಳು ಕಂಡವು, ಒಂದಲ್ಲ ಎರಡಲ್ಲ. ರಕ್ತ ಹರಿದ ದಾರಿಗಳು, ಎಂದರು ಗ್ರೇಮ್.

ಎಲುಬು.

“ಯಾವ ಪ್ರಾಣಿಯದೆಂದು ಈ ಕನ್ನಡಿಯಿಂದ ಹೇಳಲಾರೆ. ಒಂಟೆಯದಿರಬಹುದು, ಇಲ್ಲವೇ...”

“ಸಾಕು!” ಎಂದು ಕೈ ಮುಗಿದೆ. ಇಂಗ್ಲಿಷಿನಲ್ಲಿ ಹೇಳಿದೆನೋ ಕನ್ನಡದಲ್ಲೋ ನೆನಪಿಲ್ಲ. “ಇನ್ನ ಮುಂದ ಹೇಳಬ್ಯಾಡ್ರಿ. ಒಂಟಿನ ಇರಲಿ.”

ಅವರಿಗೆ ಅರ್ಥವಾಯಿತು. ಸರದಾರರ ಮನೆಗಳಲ್ಲೂ ಹೀಗೇ ಇತ್ತೆಂದರು. ದಂತ ಸಿಗದವರು ಎಲುಬನ್ನು ಉಜ್ಜಿ ಉಜ್ಜಿ ಬಿಳುಪು ತರುತ್ತಿದ್ದರು, ದಂತವೆಂದೇ ಹೇಳಿಕೊಳ್ಳುತ್ತಿದ್ದರು. ಕೆಲವರು ದಂತದ್ದನ್ನು ತೋರಿಸಲಿಕ್ಕೆ ಇಟ್ಟು, ಎಲುಬಿನದರಲ್ಲಿ ಆಡುತ್ತಿದ್ದರು. “ಆ ಪೆಟ್ಟಿಗೆಯಲ್ಲಿರುವ ರಾಜನ ಅಂಚು ನೋಡಿದಿರಾ? ಇನ್ನೂ ಚೂಪು. ಯಾರೂ ಆಡಿಲ್ಲ. ನಿಮ್ಮದು?” ಎಂದು ದಾಳವನ್ನು ನನ್ನ ಅಂಗೈ ಮೇಲಿಟ್ಟರು. ಮೂಲೆಗಳೆಲ್ಲ ಸವೆದು ಹುಣಸೆ ಬೀಜದಂತೆ ನುಣ್ಣಗಾಗಿದ್ದವು. ಅರವತ್ತು ವರ್ಷ ಹತ್ತಿರವಾದರೂ ನಾನು ಅದನ್ನು ಗಮನಿಸಿಯೇ ಇರಲಿಲ್ಲ.

ಹೊರಡುವ ಮೊದಲು ಗ್ರೇಮ್ ಸರ್‌ಗೆ ದಾಳ ಉರುಳಿಸುವುದನ್ನು ಕಲಿಸಿದೆ. ಮೊದಲ ಸಲಕ್ಕೇ ಅವರಿಗೆ ಬಾರಾ ಬಿತ್ತು, ಆರು ಮತ್ತು ಆರು. ಕಾಲುಚೀಲ ಜಾರುವಂತೆ ಕುಣಿದರು.

ಗ್ಯಾರೇಜು

“ಏನಂದ್ರು?” ಎಂದಳು ಅಕ್ಕ.

ಚೀಲವನ್ನು ಎತ್ತಿ ತೋರಿಸಿದೆ. ದಾಳ ಬಂದಿವೆ ಎಂದು ಅವಳ ಮುಖ ಅರಳಿತು. ಬಂದಿವೆ ಎಂದರೆ ಏನರ್ಥವೆಂದು ಆಮೇಲೆ ಹೊಳೆದು ಮುಖ ಬಾಡಿತು. ಎರಡೂ ಆದದ್ದು ಒಂದೇ ಗಳಿಗೆಯಲ್ಲಿ.

“ಯಾವ ಪ್ರಾಣೀದು?”

“ನಾ ಕೇಳಲಿಲ್ಲಕ್ಕ.”

“ಅಷ್ಟರೆ ಶಾಣ್ಯಾತನ ಮಾಡಿದಿ” ಎಂದವಳು ಕುರ್ಚಿಯಿಂದ ಏಳಲಿಲ್ಲ. “ಒಳಗ ತರಬ್ಯಾಡ. ಹೊರಗ ಇಡು.”

ಹೊರಗೆಂದರೆ ಗ್ಯಾರೇಜು. ಬಟ್ಟೆ ಒಗೆಯುವ ಮಷೀನಿನ ಮೇಲೆ, ಸಾಬೂನು ಪುಡಿಯ ಡಬ್ಬಿಯ ಪಕ್ಕದಲ್ಲಿ ದೇಸಾಯರ ದಾಳ ಕೂತವು. ಗ್ರೇಮ್ ಹೇಳಿದ್ದನ್ನೆಲ್ಲ ಊಟದ ಹೊತ್ತಿಗೆ ಹೇಳಿದೆ. ಚೂಪಾದ ಅಂಚು, ಸವೆದ ಮೂಲೆ, ಎಲ್ಲ. ಅಕ್ಕ ಕೇಳಿದಳೋ ಇಲ್ಲವೋ ತಿಳಿಯಲಿಲ್ಲ. ಸಾರಿಗೆ ಉಪ್ಪು ಸಾಲದೆಂದಳು.

ಮೂರು ದಿನ ಅವಳ ಸಿಟ್ಟೆಲ್ಲ ಎಂದೋ ಸತ್ತುಹೋದ ದೇಸಾಯರ ಮೇಲೆ. ಹೂರಣ ರುಬ್ಬುತ್ತ ನಡುವೆಯೇ ಕೈ ನಿಲ್ಲಿಸಿ, “ಎದುರಿಗೆ ಕೂಡಿಸ್ಕೊಂಡು ದಂತ ಅಂತ ಹೇಳಿ ಎಲುಬು ಕೊಟ್ಟಾರಲ್ಲ, ನಾಚಿಕಿ ಬರಲಿಲ್ಲೇನ?” ಎನ್ನುವಳು. ಸ್ವಲ್ಪ ಹೊತ್ತಿಗೆ ದನಿ ಬದಲಾಗುವುದು. “ಆಯಿ ಉಪವಾಸ ಇದ್ದು, ಒದ್ದಿ ಸೀರಿ ಉಟ್ಕೊಂಡು ಪೂಜಾ ಮಾಡ್ತಿದ್ಲು ಶಾಂತಾ. ಎಲುಬಿಗೆ!” ಹೊರಗೆ ಗಾಳಿ ನಿಂತಿತ್ತು, ಓಣಿಯ ಮರಗಳ ತುಂಬ ವಸಂತದ ಹೂವು. ಕಾರ್ತಿಕದ ಹೊಸ್ತಿಲಲ್ಲಿ ಇಂಥ ಎಳೆಬಿಸಿಲು ನೋಡಿ, ನಮ್ಮ ಪಂಚಾಂಗವೂ ವಿಮಾನದಲ್ಲಿ ತಿರುವುಮುರುವಾಗಿ ಬಂತೇನೋ ಎನ್ನಿಸುತ್ತಿತ್ತು.

ಪಾಡ್ಯ

ಹಬ್ಬದ ದಿನ ಸಂಜೆ ನಾಲ್ಕಕ್ಕೆ ಪದ್ಮಾ ಆಂಟಿ ಬಂದರು, ಕೈಯಲ್ಲಿ ಮೈಸೂರು ಪಾಕಿನ ಡಬ್ಬಿ. ಹಜಾರದ ಜಮಖಾನೆಯ ಮೇಲೆ ಹಾಸು ಬಿಡಿಸಿತ್ತು, ಕಾಯಿಗಳು ನಾಲ್ಕು ಮೂಲೆಗೆ ಕೂತಿದ್ದವು.

“ಎಲ್ರೀ ದಾಳ?”

ಅಕ್ಕನ ಕೈ ಸೆರಗಿನ ತುದಿಯನ್ನು ಸುತ್ತತೊಡಗಿತು. ಅವಳು ಬಾಯಿ ತೆರೆಯುವ ಮೊದಲೇ ವೀಣಾ, “ಆಂಟಿ, ಅದು ಪ್ಯೂರ್ ಐವರಿ ಅಲ್ವಾ, ವಾಪಸ್ ಕೊಡಲ್ಲ ಅಂದ್ಬಿಟ್ರು. ಅದಕ್ಕೇ ಅಂಗಡಿಯಿಂದ ಬೇರೆ ಡೈಸ್ ತಂದೆ” ಎಂದು ಆರು ಮುಖದ ಎರಡು ಬಿಳಿ ಪ್ಲಾಸ್ಟಿಕ್ ದಾಳಗಳನ್ನು ಹಾಸಿನ ಮೇಲಿಟ್ಟಳು. ತಾಯಿಯ ಮರ್ಯಾದೆ ಉಳಿಸಲು ಹುಡುಗಿ ಹಿಂದಿನ ದಿನವೇ ಗಂಟು ಕಟ್ಟಿಟ್ಟಿದ್ದ ಸುಳ್ಳು ಅದು.

“ಅಯ್ಯೋ ಪಾಪ! ಎಂಥಾ ವಸ್ತು ಹೋಯ್ತಲ್ರೀ ಕಮಲಾ ಅವ್ರೇ” ಎಂದು ಪದ್ಮಾ ಆಂಟಿ ಮನಃಪೂರ್ವಕವಾಗಿ ಮರುಗಿದರು. ಒಂದೇ ಮಾತಿನಲ್ಲಿ ಎಲ್ಲ ಸರಿಹೋಗಿತ್ತು. ದಂತದ ದಾಳದ ಮನೆತನಕ್ಕೆ ಈಗ ಒಂದು ದೇಶದ ಸರಕಾರವೇ ಸಾಕ್ಷಿ. ಅಕ್ಕ ಸುಮ್ಮನಿದ್ದರೆ ಸಾಕಿತ್ತು. ನಾನು ನೆಲ ನೋಡುತ್ತ ಕೂತೆ.

ಅಕ್ಕ ಪ್ಲಾಸ್ಟಿಕ್ ದಾಳ ಕೈಗೆತ್ತಿಕೊಂಡು ಎರಡೂ ಅಂಗೈಯಲ್ಲಿ ಉಜ್ಜಿದಳು. ಸದ್ದೇ ಬರಲಿಲ್ಲ. ಎಸೆದಳು. ಒಂದು ಪುಟಿದು ಸೋಫಾದ ಕೆಳಗೆ ಓಡಿತು. ಇನ್ನೊಂದು ಹಾಸಿನ ಮೇಲೆ ನಿಂತಿತು.

“ಎಷ್ಟ ಬಿದ್ದದ?”

“ಎರಡು” ಎಂದೆ.

“ಎರಡು ಅಂತ ದಾಳದಾಗ ಎಲ್ಲದ? ಒಂದು, ಮೂರು, ನಾಲ್ಕು, ಆರು. ಎರಡು ಬಿದ್ರ ನಾ ಯಾವ ಕಾಯಿ ನಡಸ್ಲಿ?” ಆ ದಾಳವನ್ನು ಅವಳು ದಿಟ್ಟಿಸುತ್ತ ಕೂತಳು. ಆಮೇಲೆ ನನ್ನತ್ತ ತಿರುಗದೆಯೇ, “ಶಾಂತಾ, ಗ್ಯಾರೇಜಿನಾಗ ಅವ. ತಗೊಂಡ ಬಾ” ಎಂದಳು.

“ಅವ್ವಾ...” ಎಂದಳು ವೀಣಾ.

ನಾನು ಹೋಗಿ ದಾಳ ತಂದೆ. ಪದ್ಮಾ ಆಂಟಿಯ ಕಣ್ಣು ನನ್ನ ಕೈಯಿಂದ ವೀಣಾಳ ಮುಖಕ್ಕೆ, ಅಲ್ಲಿಂದ ಅಕ್ಕನ ಮುಖಕ್ಕೆ ಓಡಾಡಿತು.

“ಹುಡುಗಿ ನನ್ನ ಸಲುವಾಗಿ ಸುಳ್ಳು ಹೇಳ್ಯಾಳ್ರೀ, ಬೈಬ್ಯಾಡ್ರಿ” ಎಂದಳು ಅಕ್ಕ. “ದಂತ ಅಲ್ಲ ಇವು. ಎಲುಬು. ನಿನ್ನೆ ಮೊನ್ನೆತನಕ ನಮಗೂ ಗೊತ್ತಿದ್ದಿಲ್ಲ.”

“ಎಲುಬಾ! ದೇವ್ರ ಮುಂದೆ ಇಡ್ತಿದ್ವಿ ಅಂತಿದ್ರಲ್ರೀ!”

“ಇಡತಿದ್ವಿ. ಈಗೂ ಇಡ್ತೀನಿ.”

ಎದ್ದಳು. ದಾಳಗಳನ್ನು ನನ್ನ ಕೈಯಿಂದ ತೆಗೆದುಕೊಂಡು ನಲ್ಲಿಯ ನೀರಿನಲ್ಲಿ ತೊಳೆದಳು, ಸೆರಗಿನಿಂದ ಒರೆಸಿದಳು. ದೇವರ ಮಾಡದ ಮುಂದೆ ಇಡುವಾಗ ಕ್ಷಣ ಅವಳ ಕೈ ತಡೆಯಿತು. ಅವಳ ಹೆಬ್ಬೆರಳು ಒಂದು ದಾಳದ ಸವೆದ ಮೂಲೆಯನ್ನು ಸವರುತ್ತಿತ್ತು.

“ಮುತ್ತಜ್ಜ ಆಡ್ಯಾನ, ಆಯಿ ಆಡ್ಯಾಳ, ನನ್ನ ಗಂಡ ಸೋತು ಸೋತು ಆಡ್ಯಾನ” ಎಂದಳು, ನಮಗೋ ದೇವರಿಗೋ. “ಇಷ್ಟ ವರ್ಷ ಪೂಜಾ ತಗೊಂಡಾವ. ಇನ್ನ ಇವುಗಳ ಕುಲಾ ಕೇಳೂದಿಲ್ಲ ನಾ.” ಅರಿಷಿಣ ಇಟ್ಟಳು, ಕುಂಕುಮ ಇಟ್ಟಳು.

ಪಗಡೆ ಹಾಸಿನ ಬಳಿ ಮರಳಿ ಬಂದು ಕಾಲು ಮಡಚಿ ಕೂತು, ದಾಳ ಉಜ್ಜಿದಳು. ಖಳ್ ಖಳ್ ಎಂದಿತು. ಪದ್ಮಾ ಆಂಟಿ ಇನ್ನೂ ನಿಂತೇ ಇದ್ದರು.

“ಎಲುಬು ಮುಟ್ಟಲ್ಲ ಅಂದ್ರ ಸೋಫಾದ ಮ್ಯಾಲೆ ಕೂಡ್ರಿ, ಚಹಾ ಕೊಡ್ತಾಳ ವೀಣಾ” ಎಂದಳು ಅಕ್ಕ.

“ನಾನೆಲ್ರೀ ಹಾಗಂದೆ?” ಆಂಟಿ ಸೀರೆ ಎತ್ತಿ ಸಿಕ್ಕಿಸಿ, ಮಂಡಿನೋವಿಗೆ ಒಮ್ಮೆ ಅಯ್ಯಪ್ಪಾ ಎಂದು, ಎದುರಿಗೇ ಕೂತರು. “ನಮ್ಮನೆ ಪೆಟ್ಟಿಗೇನೂ ಒಂದ್ಸಲ ಕನ್ನಡಿ ಹಿಡಿದು ನೋಡ್ಬೇಕು, ಬಿಡಿ. ಕೆಂಪು ಕಾಯಿ ನಂಗೆ.”

“ಕೆಂಪು ನಮ್ಮ ಮನಿತನದ್ದು” ಎಂದಳು ಅಕ್ಕ, ಕೆಂಪು ಕಾಯಿಗಳನ್ನು ತನ್ನತ್ತ ಬಳಿದುಕೊಳ್ಳುತ್ತ. “ನೀವು ಹಳದಿ ತಗೋರಿ.”